ಜೋಡಿ ಕಟ್ಟುವವರು

ದಸರೆಗೆ ಕೆಲವು ದಿನ ಮುಂಚೆ ಮೈಸೂರಿನ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ಕುಸ್ತಿಗೆ ಜೋಡಿ ಕಟ್ಟುತ್ತಾರೆ. ಹಬ್ಬದ ಗದ್ದಲದಲ್ಲಿ ಇದನ್ನು ಕೇಳುವವರು ಕಡಿಮೆ. ಪತ್ರಿಕೆಯ ಒಳಪುಟದಲ್ಲಿ ಒಂದು ಫೋಟೊ, ಇಷ್ಟು ಜೋಡಿ ಕಟ್ಟಲಾಯಿತು ಎಂಬ ಒಂದು ಸಾಲು, ಅಷ್ಟೇ. ನನ್ನನ್ನು ಕೇಳಿದರೆ ದಸರಾ ಕುಸ್ತಿಯ ಸ್ವಾರಸ್ಯವೆಲ್ಲ ಇರುವುದು ಆ ದಿನದಲ್ಲೇ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ದಾವಣಗೆರೆ, ಬೆಳಗಾವಿ ಕಡೆಯ ಪೈಲ್ವಾನರು ಅಂಗಿ ಕಳಚಿ ನಿಲ್ಲುತ್ತಾರೆ. ಉಸ್ತಾದರು ಸುತ್ತ ಬಂದು ಕತ್ತು, ಭುಜ, ತೊಡೆ ನೋಡುತ್ತಾರೆ. ಕೆಲವರು ಮೊದಲು ನೋಡುವುದು ಕಿವಿಯನ್ನು. ಹುಡುಗ ಎಷ್ಟು ವರ್ಷ ಮಟ್ಟಿಯಲ್ಲಿ ಹೊರಳಾಡಿದ್ದಾನೆ ಎಂಬುದನ್ನು ಮುದುಡಿ ಗಂಟಾದ ಕಿವಿಯೇ ಹೇಳಿಬಿಡುತ್ತದೆ. ಎತ್ತರ, ಮೈಕಟ್ಟು, ಅನುಭವ ಹೊಂದುವಂತೆ ಕಂಡರೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕೊಡಿಸುತ್ತಾರೆ. ಕೈ ಕೊಟ್ಟರೆ ಜೋಡಿ ಆಯಿತು, ಹೆಸರು ಪುಸ್ತಕಕ್ಕೆ ಹೋಯಿತು.

ಆದರೆ ಕೈ ಕೊಡುವ ಮುಂಚೆ ಒಂದು ಚೌಕಾಸಿ ಇರುತ್ತದೆ. ನಮ್ಮ ಮಂಡ್ಯ ಕಡೆಯವರ ಬಾಯಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

"ಅಣ್ಣ, ನಿಮ್ಮುಡ್ಗ ಒಂದ್ ಕೈ ಜಾಸ್ತಿನೇ ಅವ್ನೆ. ಈ ಜೋಡಿ ನಮ್ಗೆ ಬ್ಯಾಡ."

"ನೋಡಕ್ಕೆ ಹಂಗ್ ಕಾಣ್ತನೆ ಕಣಪ್ಪ. ಮೂರ್ ತಿಂಗ್ಳಿಂದ ಮಟ್ಟಿಗೇ ಇಳ್ದಿಲ್ಲ."

"ಇಳೀದಿದ್ರೆ ಮೈ ಹಿಂಗಿರಾದಾ?"

ಇಬ್ಬರೂ ಪೂರ್ತಿ ನಿಜ ಹೇಳುತ್ತಿಲ್ಲ, ಪೂರ್ತಿ ಸುಳ್ಳನ್ನೂ ಹೇಳುತ್ತಿಲ್ಲ. ಒಬ್ಬನಿಗೆ ತನ್ನ ಶಿಷ್ಯ ನೆರೆದವರ ಮುಂದೆ ಅಂಗಾತ ಬೀಳಬಾರದು. ಇನ್ನೊಬ್ಬನಿಗೆ ತನ್ನವನು ಸುಲಭವಾಗಿ ಗೆಲ್ಲಬೇಕು, ಆದರೆ ಗೆಲುವು ಸುಲಭದ್ದೆಂದು ಯಾರಿಗೂ ಅನ್ನಿಸಬಾರದು. ಮಧ್ಯೆ ನಿಂತ ಸಮಿತಿಯವರಿಗೆ ಸಂಜೆಯೊಳಗೆ ಪಟ್ಟಿ ತುಂಬಬೇಕು, ಹಬ್ಬದ ದಿನ ಬಂದ ಜನ ಆಕಳಿಸಬಾರದು. ಈ ಮೂರು ಆಸೆಗಳು ಒಂದೇ ಕಡೆಗೆ ಎಳೆಯುವುದು ಅಪರೂಪ. ಕುಸ್ತಿ ಅಖಾಡಕ್ಕೆ ಬರುವ ಮೊದಲೇ ಅರ್ಧ ಕುಸ್ತಿ ಮುಗಿದಿರುತ್ತದೆ ಎಂದು ಹಳಬರು ಹೇಳುವುದು ಇದನ್ನೇ.

ಯಾರು ಯಾರ ಮೇಲೆ ಬೀಳಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಜಗತ್ತಿನಲ್ಲಿ ಅತಿ ಹೆಚ್ಚು ದುಡ್ಡಿನ ಜೊತೆ ಕೂತಿರುವುದು ವೃತ್ತಿಪರ ಬಾಕ್ಸಿಂಗ್‌ನಲ್ಲಿ. ನಮ್ಮಲ್ಲಿ ಆ ಆಟವನ್ನು ನೋಡುವವರು ಕಡಿಮೆ. 2019ರ 'ಪೈಲ್ವಾನ್' ಚಿತ್ರದಲ್ಲಿ ಸುದೀಪ್ ಮಟ್ಟಿಯಿಂದ ಬಾಕ್ಸಿಂಗ್ ರಿಂಗಿಗೆ ಜಿಗಿದಾಗ ಶಿಳ್ಳೆ ಹೊಡೆದದ್ದನ್ನು ಬಿಟ್ಟರೆ ಹೊಳಲು, ಮದ್ದೂರು, ಮಳವಳ್ಳಿ ಸೀಮೆಗೂ ಅದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ಆದರೂ ಅದರ ಚರಿತ್ರೆಯನ್ನು ಓದಿದರೆ ನಮ್ಮ ಜಾತ್ರೆ ಕುಸ್ತಿಯ ಮುಂದಿನ ಮೂವತ್ತು ವರ್ಷ ಹೇಗಿರಬಹುದೆಂಬ ಒಂದು ಅಂದಾಜು ಸಿಗುತ್ತದೆ. ಹಾಗಾಗಿಯೇ ಈ ಲೇಖನ.

ಬಾಕ್ಸರನ ಬೆನ್ನಿಗೆ ಇಬ್ಬರಿರುತ್ತಾರೆ. ಮ್ಯಾನೇಜರ್ ಬಾಕ್ಸರನ ಕಡೆಯವನು. ಯಾರ ಜೊತೆ ಆಡಬೇಕು, ಎಷ್ಟಕ್ಕೆ ಆಡಬೇಕು, ಯಾವಾಗ ಬೇಡ ಅನ್ನಬೇಕು ಎಂದು ನೋಡುವವನು; ಸಂಭಾವನೆಯಲ್ಲಿ ಪಾಲು ತೆಗೆದುಕೊಳ್ಳುವವನು. ಪ್ರಮೋಟರ್ ಪಂದ್ಯದ ಕಡೆಯವನು. ಸ್ಥಳ ಹಿಡಿದು, ಟಿಕೆಟ್ ಮಾರಿ, ಟಿವಿಯವರ ಜೊತೆ ಮಾತಾಡಿ, ನಷ್ಟವಾದರೆ ತಾನು ಹೊರುವವನು. ಮೊದಲನೆಯವನಿಗೆ ಕಡಿಮೆ ಅಪಾಯ, ಹೆಚ್ಚು ಹಣ ಬೇಕು. ಎರಡನೆಯವನಿಗೆ ಹೆಚ್ಚು ಅಪಾಯ, ಕಡಿಮೆ ಖರ್ಚು ಬೇಕು. ಇವರಿಬ್ಬರ ಜಗಳವೇ ಬಾಕ್ಸರನಿಗೆ ರಕ್ಷಣೆ. ನಮ್ಮಲ್ಲಿ ಉಸ್ತಾದನಿಗೂ ಸಮಿತಿಗೂ ನಡೆಯುವ ಎಳೆದಾಟ ಇದೇ ಜಾತಿಯದು.

ಮ್ಯಾನೇಜರನ 'ಬೇಡ'ವನ್ನು ಹೇಡಿತನ ಎಂದು ಹೀಗಳೆಯುವುದು ಪ್ರೇಕ್ಷಕರ ಹಳೆಯ ಚಾಳಿ. ಹೊಡೆತ ತಿನ್ನುವವನು ನಾನಲ್ಲ ತಾನೆ? ಮಟ್ಟಿ ಕುಸ್ತಿಯಲ್ಲಿ ಸಮವಲ್ಲದ ಜೋಡಿಗೆ ಬೆಲೆ ಸಾಮಾನ್ಯವಾಗಿ ಒಂದು ಮುರಿದ ಮೂಳೆ, ಒಂದಷ್ಟು ಅವಮಾನ. ಮುಷ್ಟಿ ಕಾಳಗದಲ್ಲಿ ಅದಕ್ಕೆ ಪ್ರಾಣವೇ ಹೋಗಬಹುದು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯ ಮಟ್ಟದ ಕಿಕ್ ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮೈಸೂರಿನ 23 ವರ್ಷದ ತರುಣನೊಬ್ಬ ಮುಖಕ್ಕೆ ಪೆಟ್ಟು ತಿಂದು ಕುಸಿದವನು ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಸಂಘಟಕರ ಮೇಲೆ ಪೊಲೀಸರು ಮೊಕದ್ದಮೆ ದಾಖಲಿಸಿದರು. ಆ ಪಂದ್ಯದ ವಿಡಿಯೊ ಊರೆಲ್ಲ ಹರಿದಾಡಿತು. ಇಂಥ ಆಟದಲ್ಲಿ ನಿನಗೆ ಇದು ಬೇಡ, ಅಥವಾ ಇಲ್ಲಿ ಬೇಡ, ಅಥವಾ ಈಗ ಬೇಡ ಎನ್ನುವ ಒಬ್ಬ ಮನುಷ್ಯ ಹುಡುಗನ ಪಕ್ಕದಲ್ಲಿರುವುದು ಅಲಂಕಾರವಲ್ಲ.

ತೊಂದರೆ ಶುರುವಾಗುವುದು ಆ 'ಬೇಡ' ಮಾರಾಟದ ಸರಕಾದಾಗ.

ಜಾಕ್ ಜಾನ್ಸನ್ ಎಂಬ ಕರಿಯ ಬಾಕ್ಸರ್ ಹೆವಿವೇಯ್ಟ್ ಚಾಂಪಿಯನ್ ಟಾಮಿ ಬರ್ನ್ಸ್‌ನನ್ನು ಒಂದು ಪಂದ್ಯಕ್ಕಾಗಿ ದೇಶ ದೇಶ ಬೆನ್ನಟ್ಟಿದ. ಬರ್ನ್ಸ್ ಒಪ್ಪಲಿಲ್ಲ. ಅವನಿಗಿಂತ ಮುಂಚಿನ ಬಿಳಿಯ ಚಾಂಪಿಯನ್ನರೂ ಕರಿಯರ ಎದುರು ಪಟ್ಟವನ್ನು ಪಣಕ್ಕಿಟ್ಟಿರಲಿಲ್ಲ. ಕಡೆಗೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಪಂದ್ಯ ನಡೆದದ್ದು ಯಾರ ಮನಸ್ಸು ಕರಗಿಯೂ ಅಲ್ಲ. ಹ್ಯೂ ಮ್ಯಾಕಿಂಟಾಷ್ ಎಂಬ ಪ್ರಮೋಟರ್ ಬರ್ನ್ಸ್‌ಗೆ 30,000 ಡಾಲರ್ ಕೊಡುತ್ತೇನೆಂದ, ಅಷ್ಟೇ. ಜಾನ್ಸನ್‌ಗೆ ಸಿಕ್ಕಿದ್ದು 5,000. ಮ್ಯಾಕಿಂಟಾಷ್ ತಾನೇ ರೆಫರಿಯಾಗಿಯೂ ನಿಂತ. 14ನೇ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಿದಾಗ ಜಗತ್ತಿಗೆ ಮೊದಲ ಕರಿಯ ಹೆವಿವೇಯ್ಟ್ ಚಾಂಪಿಯನ್ ಸಿಕ್ಕಿದ್ದ. ವರ್ಣದ ಸೊಕ್ಕು ಮುಚ್ಚಿಟ್ಟಿದ್ದ ಬಾಗಿಲನ್ನು ಒಬ್ಬ ವ್ಯಾಪಾರಿಯ ದುರಾಸೆ ತೆರೆಯಿತು.

ಇದಕ್ಕಿಂತ ವಿಚಿತ್ರವಾದದ್ದು 1937ರ ಪ್ರಸಂಗ. ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಅದನ್ನೇ. ಜಿಮ್ ಬ್ರಾಡಕ್ 1935ರಲ್ಲಿ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿ ಪಟ್ಟ ಗೆದ್ದಿದ್ದ. ಅವನೆದುರು ನಿಲ್ಲುವ ಹಕ್ಕು ಅಂದಿನ ಲೆಕ್ಕದಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್‌ನದು. ಏಕೆಂದರೆ 1936ರ ಜೂನ್‌ನಲ್ಲಿ ಅವನು ಅದುವರೆಗೆ ಸೋಲನ್ನೇ ಕಾಣದ ಕರಿಯ ಬಾಕ್ಸರ್ ಜೋ ಲೂಯಿಯನ್ನು ಕೆಡವಿದ್ದ. ಷ್ಮೆಲಿಂಗ್ ಎದುರು ಆಡಲು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಜೊತೆ ಬ್ರಾಡಕ್‌ನ ಕರಾರೂ ಇತ್ತು. ಆದರೆ ಲೂಯಿಯ ಪ್ರಮೋಟರ್ ಮೈಕ್ ಜೇಕಬ್ಸ್‌ಗೆ ಪಟ್ಟ ಬೇಕಿತ್ತು. ಬ್ರಾಡಕ್‌ನ ಮ್ಯಾನೇಜರ್ ಜೋ ಗೂಲ್ಡ್‌ಗೆ ತನ್ನವನು ವಯಸ್ಸಾದವನು, ಇನ್ನು ಹೆಚ್ಚು ದಿನ ಚಾಂಪಿಯನ್ ಆಗಿರುವುದಿಲ್ಲ ಎಂಬುದು ಗೊತ್ತಿತ್ತು. ಅವನು ಕೇಳಿದ ಬೆಲೆ ಹೀಗಿತ್ತು: ಪಂದ್ಯದ ಹಣವಲ್ಲದೆ, ಜೇಕಬ್ಸ್ ಮುಂದಿನ ಹತ್ತು ವರ್ಷ ಹೆವಿವೇಯ್ಟ್ ಪಟ್ಟದ ಪಂದ್ಯಗಳಿಂದ ಮಾಡುವ ಲಾಭದಲ್ಲಿ ಶೇ. 10. ಜೇಕಬ್ಸ್ ಒಪ್ಪಿದ. ಗಾರ್ಡನ್‌ನವರು ಕೋರ್ಟಿಗೆ ಹೋಗಿ ಸೋತರು. ಷ್ಮೆಲಿಂಗ್ ಗೆದ್ದರೆ ಪಟ್ಟ ಹಿಟ್ಲರನ ಜರ್ಮನಿಗೆ ಹೋಗುತ್ತದೆಂಬ ಅಂಜಿಕೆ, ಅವನ ಪಂದ್ಯಕ್ಕೆ ಬಹಿಷ್ಕಾರದ ಕೂಗು, ಇವೆಲ್ಲ ವ್ಯಾಪಾರಕ್ಕೆ ಒಳ್ಳೆಯ ನೆಪ ಒದಗಿಸಿದವು. ಜೂನ್ 22ರಂದು ಶಿಕಾಗೊದಲ್ಲಿ ಲೂಯಿ ಎಂಟನೇ ಸುತ್ತಿನಲ್ಲಿ ಬ್ರಾಡಕ್‌ನನ್ನು ಮಲಗಿಸಿದ.

ಈ ಕತೆಯನ್ನು ನೀವು ಹೇಗೆ ಬೇಕಾದರೂ ಹೇಳಬಹುದು. ತನ್ನನ್ನು ಸೋಲಿಸಿದವನನ್ನು ಬದಿಗೆ ತಳ್ಳಿ ಲೂಯಿ ಹಿಂಬಾಗಿಲಿನಿಂದ ಬಂದ ಎನ್ನಬಹುದು. ಜಾನ್ಸನ್ 1915ರಲ್ಲಿ ಸೋತ ಮೇಲೆ ಇಪ್ಪತ್ತೆರಡು ವರ್ಷ ಕರಿಯರಿಗೆ ಮುಚ್ಚಿದ್ದ ಪಟ್ಟ ಕಡೆಗೂ ತೆರೆಯಿತು ಎಂದೂ ಹೇಳಬಹುದು. ಆ ನಡುವೆ ಹ್ಯಾರಿ ವಿಲ್ಸ್ ಎಂಬ ಕರಿಯ ಬಾಕ್ಸರ್ ಅಂದಿನ ಚಾಂಪಿಯನ್ ಡೆಂಪ್ಸಿಯ ಎದುರು ಒಂದು ಪಂದ್ಯಕ್ಕಾಗಿ ಕಾದು ಕಾದು ವಯಸ್ಸು ಕಳೆದುಕೊಂಡಿದ್ದ. ಒಪ್ಪಂದಕ್ಕೆ ಸಹಿ ಬಿದ್ದರೂ ಪಂದ್ಯ ನಡೆಯಲಿಲ್ಲ. ವಿಲ್ಸ್‌ಗೆ ನ್ಯಾಯ ಸಿಗಲಿಲ್ಲ. ಲೂಯಿಗೆ ಸಿಕ್ಕಿತು, ಆದರೆ ಶೇ. 10ರ ದಲ್ಲಾಳಿಯೊಂದಿಗೆ ಸಿಕ್ಕಿತು. ಪ್ರಮೋಟರ್ ಎಂದರೆ ಖಳನಾಯಕ ಎಂದು ಷರಾ ಬರೆದು ಕೈತೊಳೆದುಕೊಳ್ಳುವವರಿಗೆ ಇದು ಗಂಟಲಲ್ಲಿ ಇಳಿಯದ ತುತ್ತು.

ನಮ್ಮ ದೇಶದ ಚರಿತ್ರೆಯಲ್ಲೂ ಅಂಥ ತೆರೆದ ಬಾಗಿಲೊಂದಿದೆ. ಗಾಮಾ ಪೈಲ್ವಾನ್ 1910ರಲ್ಲಿ ಲಂಡನ್ನಿಗೆ ಹೋದದ್ದು ಬಂಗಾಳದ ಸಿರಿವಂತ ಶರತ್ ಕುಮಾರ್ ಮಿತ್ರರ ದುಡ್ಡಿನಿಂದ, ಬೆಂಜಮಿನ್ ಎಂಬ ಇಂಗ್ಲಿಷ್ ಪ್ರಮೋಟರನ ಕೈ ಹಿಡಿದು. ಕುಳ್ಳನೆಂದು ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಂದವರನ್ನೆಲ್ಲ ಕೆಡವುತ್ತೇನೆಂದು ಬಹಿರಂಗ ಸವಾಲು ಹಾಕಿಸಿ, ಕೆಲವರನ್ನು ಕೆಡವಿಯೂ ತೋರಿಸಿದ ಮೇಲೆ ಸೆಪ್ಟೆಂಬರ್ 10ರಂದು ಜ್ಬಿಷ್ಕೊ ಎಂಬ ಹೆಸರಾಂತ ಪೈಲ್ವಾನನ ಎದುರು ನಿಂತ. ಜ್ಬಿಷ್ಕೊ ಎರಡು ಗಂಟೆಗೂ ಮಿಕ್ಕಿ ಬೋರಲು ಬಿದ್ದುಕೊಂಡು ಕಾಲ ತಳ್ಳಿದ, ಒಂದು ವಾರ ಬಿಟ್ಟು ಮತ್ತೆ ಕರೆದಾಗ ಬರಲೇ ಇಲ್ಲ. ಅಂದಿನ ಇನ್ನಿಬ್ಬರು ದೊಡ್ಡವರಾದ ಗಾಚ್, ಹ್ಯಾಕೆನ್‌ಷ್ಮಿಟ್ ಗಾಮಾನ ಎದುರು ನಿಲ್ಲಲೇ ಇಲ್ಲ. ಆ ಜೋಡಿ ಕಟ್ಟಲು ಮಿತ್ರರ ಹಣಕ್ಕೂ ಆಗಲಿಲ್ಲ.

ಸವಾಲು ಎಂದಾಗ ಮೈಸೂರಿನವರಿಗೆ ಕಂಠೀರವ ನರಸರಾಜ ಒಡೆಯರ ನೆನಪಾಗದೆ ಇರುವುದಿಲ್ಲ. 1638ರಿಂದ 1659ರವರೆಗೆ ಆಳಿದ ಈ ರಣಧೀರನು ಪಟ್ಟಕ್ಕೆ ಬರುವ ಮುಂಚೆ ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋದನಂತೆ. ಅಲ್ಲಿನ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿದ್ದ. ಅದರ ಕೆಳಗೆ ನುಸುಳಿದವನು ಸೋಲೊಪ್ಪಿದಂತೆ. ಕಂಠೀರವ ಅವನನ್ನು ಕೊಂದು, ಹೆಸರು ಹೇಳದೆ ಮರಳಿದನೆಂಬುದು ಕತೆ. ಈ ಕತೆಯ ಸೊಗಸಿರುವುದು ಅದರಲ್ಲಿ ದಲ್ಲಾಳಿ ಇಲ್ಲದಿರುವುದರಲ್ಲಿ. ಅದಕ್ಕೇ ಅದು ಕತೆ. ಜಟ್ಟಿಗೆ ಒಬ್ಬ ಒಳ್ಳೆಯ ಮ್ಯಾನೇಜರ್ ಇದ್ದಿದ್ದರೆ ಆ ಚಲ್ಲಣವನ್ನು ಬಾಗಿಲಿಗೆ ಕಟ್ಟಲು ಬಿಡುತ್ತಿರಲಿಲ್ಲ, ಪಾಪ.

ಮತ್ತೆ ಬಾಕ್ಸಿಂಗ್‌ಗೆ ಬರೋಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜೋಡಿ ಕಟ್ಟುವ ಅಧಿಕಾರ ಒಂದೇ ಕೂಟದ ಕೈಗೆ ಹೋಯಿತು. ಜೇಮ್ಸ್ ನಾರಿಸ್‌ನ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್ 1949ರಿಂದ ದೊಡ್ಡ ಸ್ಟೇಡಿಯಂಗಳನ್ನೂ ಟಿವಿ ಪಂದ್ಯಗಳನ್ನೂ ಹಿಡಿದುಕೊಂಡಿತು. ತೆರೆಯ ಹಿಂದೆ ಫ್ರ್ಯಾಂಕಿ ಕಾರ್ಬೊ ಎಂಬ ಪಾತಕಿ ಮ್ಯಾನೇಜರುಗಳನ್ನೇ ಹಿಡಿದುಕೊಂಡಿದ್ದ. ಜೇಕ್ ಲಾಮೊಟ ಎಂಬ ಬಾಕ್ಸರ್ 1947ರಲ್ಲಿ ಬಿಲ್ಲಿ ಫಾಕ್ಸ್‌ಗೆ ಬೇಕೆಂದೇ ಸೋತ. ಹಾಗೆ ಸೋತರೆ ಮಾತ್ರ ಪಟ್ಟದ ಪಂದ್ಯ ಸಿಗುತ್ತದೆಂಬ ಮಾತಾಗಿತ್ತು. 1949ರಲ್ಲಿ ಸಿಕ್ಕಿತು, ಗೆದ್ದ. ಇದನ್ನೆಲ್ಲ ಅವನೇ 1960ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದ. ಗೆಲ್ಲುವ ಅವಕಾಶಕ್ಕಾಗಿ ಸೋಲನ್ನು ಮುಂಗಡವಾಗಿ ಕಟ್ಟಬೇಕಾದ ಆಟ ಅದಾಗಿತ್ತು. ಅದೇ ಕಾಲದ ಆರ್ಚಿ ಮೂರ್ ವರ್ಷಗಟ್ಟಲೆ ಕಾದು 1952ರ ಡಿಸೆಂಬರ್‌ನಲ್ಲಿ ಜೋಯಿ ಮ್ಯಾಕ್ಸಿಮ್ ಎದುರು ಪಟ್ಟಕ್ಕೆ ನಿಂತ. ಮ್ಯಾಕ್ಸಿಮ್‌ಗೆ 1 ಲಕ್ಷ ಡಾಲರ್ ಖಾತ್ರಿ. ಗೆದ್ದ ಮೂರ್ ಕೈಗೆ ಬಂದದ್ದು 800. ಅದೂ ಸಾಲದೆ ಸೋತವನ ಮ್ಯಾನೇಜರ್ ಡಾಕ್ ಕರ್ನ್ಸ್‌ನನ್ನು ಗೆದ್ದವನು ತನ್ನ ಮ್ಯಾನೇಜರನಾಗಿ ಒಪ್ಪಿಕೊಳ್ಳಬೇಕಾಯಿತು. ಯಾರು ಗೆದ್ದರೂ ಕರ್ನ್ಸ್ ಗೆಲ್ಲುವ ಹಾಗೆ ಜೋಡಿ ಕಟ್ಟಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ 1959ರಲ್ಲಿ ಆ ಕ್ಲಬ್ಬನ್ನು ವಿಸರ್ಜಿಸುವ ಆದೇಶವನ್ನು ಎತ್ತಿಹಿಡಿಯಿತು, ಕಾರ್ಬೊ 1961ರಲ್ಲಿ 25 ವರ್ಷದ ಶಿಕ್ಷೆಗೆ ಗುರಿಯಾದ.

ಪಾತಕಿಗಳು ಹೋದರು, ಗಂಟು ಹಾಗೇ ಉಳಿಯಿತು. 1986ರಲ್ಲಿ ಟಿಮ್ ವಿದರ್‌ಸ್ಪೂನ್ ಲಂಡನ್ನಿನ ವೆಂಬ್ಲಿಯಲ್ಲಿ ಫ್ರ್ಯಾಂಕ್ ಬ್ರೂನೋನನ್ನು ಸೋಲಿಸಿ ಹೆವಿವೇಯ್ಟ್ ಪಟ್ಟ ಉಳಿಸಿಕೊಂಡ. ಸೋತ ಬ್ರೂನೋಗೆ ಸುಮಾರು 9 ಲಕ್ಷ ಡಾಲರ್, ಗೆದ್ದವನ ಕೈಗೆ ಕಡಿತಗಳೆಲ್ಲ ಮುಗಿದು 90 ಸಾವಿರದಷ್ಟು. ಅವನ ಪ್ರಮೋಟರ್ ಡಾನ್ ಕಿಂಗ್, ಮ್ಯಾನೇಜರ್ ಡಾನ್ ಕಿಂಗ್‌ನ ಮಲಮಗ ಕಾರ್ಲ್. ಅಪ್ಪ ಕೊಡುವ ದುಡ್ಡು ಸಾಲದು ಎಂದು ಬಾಕ್ಸರನ ಪರವಾಗಿ ಜಗಳ ಮಾಡಬೇಕಾದವನು ಮಗ! ವಿದರ್‌ಸ್ಪೂನ್ ಕೋರ್ಟಿಗೆ ಹೋಗಿ, ವರ್ಷಗಳ ನಂತರ ರಾಜಿಯಲ್ಲಿ ಹಣ ಪಡೆದ. 2000ದಲ್ಲಿ ಅಮೆರಿಕ ತಂದ ಮುಹಮ್ಮದ್ ಅಲಿ ಬಾಕ್ಸಿಂಗ್ ಸುಧಾರಣಾ ಕಾಯ್ದೆ ಮುಖ್ಯವಾಗಿ ಕೈ ಹಾಕಿದ್ದು ಈ ಜಾಗಕ್ಕೇ. ಮ್ಯಾನೇಜರನಿಗೆ ಪ್ರಮೋಷನ್ನಿನಲ್ಲಿ, ಪ್ರಮೋಟರನಿಗೆ ಮ್ಯಾನೇಜ್‌ಮೆಂಟಿನಲ್ಲಿ ಹಣದ ಹಿತ ಇರಕೂಡದು. ಪಂದ್ಯದಿಂದ ತನಗೆ ಬರುವುದೆಷ್ಟು ಎಂಬುದನ್ನು ಪ್ರಮೋಟರ್ ಬಾಕ್ಸರನಿಗೆ ತಿಳಿಸಬೇಕು. ಪಟ್ಟದ ಪಂದ್ಯ ಬೇಕೆಂದರೆ ನಿನ್ನ ಮುಂದಿನ ವರ್ಷಗಳನ್ನೂ ನನಗೆ ಬರೆದುಕೊಡು ಎನ್ನುವ ಬಲವಂತದ ಕರಾರಿಗೆ ಮಿತಿ ಇರಬೇಕು. ಕಾಯ್ದೆಯ ಜಾರಿ ಸಡಿಲ ಎಂಬ ದೂರು ಮೊದಲಿನಿಂದಲೂ ಇದೆ. ಆದರೆ ರೋಗ ಎಲ್ಲಿದೆ ಎಂದು ಅದು ಸರಿಯಾಗಿ ಗುರುತಿಸಿತು. ಬೇಡ ಎನ್ನುವವನೂ ಬೇಕು, ಬಾ ಎನ್ನುವವನೂ ಬೇಕು. ಇಬ್ಬರ ಜೇಬೂ ಒಂದೇ ಆದ ದಿನ ನಡುವೆ ನಿಂತ ಹುಡುಗನಿಗೆ ಯಾರೂ ಇಲ್ಲ.

ಜೇಬುಗಳು ಬೇರೆಬೇರೆಯಾಗಿದ್ದರೆ ಪಂದ್ಯವೇ ನಡೆಯುವುದಿಲ್ಲವಲ್ಲ ಎಂಬುದು ಎದುರು ವಾದ. ಸುಳ್ಳಲ್ಲ. ಮೇವೆದರ್ ಮತ್ತು ಪಾಕ್ವಿಯಾವೊ ಎಂಬ ಇಬ್ಬರು ದೊಡ್ಡ ಬಾಕ್ಸರುಗಳ ಪಂದ್ಯದ ಮಾತು 2009ರ ಕೊನೆಯಲ್ಲಿ ಶುರುವಾಗಿ, ಪಂದ್ಯ ನಡೆದದ್ದು 2015ರ ಮೇ 2ರಂದು. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36. ರಕ್ತ ಪರೀಕ್ಷೆಯ ತಕರಾರು, ಪ್ರಮೋಟರುಗಳ ಹಳೆಯ ದ್ವೇಷ, ಇಬ್ಬರೂ ಬೇರೆ ಬೇರೆ ಟಿವಿ ಚಾನೆಲ್ಲುಗಳಿಗೆ ಕಟ್ಟುಬಿದ್ದದ್ದು, ಇಷ್ಟೂ ಸೇರಿ ಐದು ವರ್ಷ ತಿಂದವು. ಆದರೂ ಅಮೆರಿಕದಲ್ಲಿ 46 ಲಕ್ಷ ಮನೆಗಳು ದುಡ್ಡು ಕೊಟ್ಟು ನೋಡಿದವು. ನೋಡಿದವರಲ್ಲಿ ಬಹಳ ಜನ ಬೈದುಕೊಂಡರು. ಪಂದ್ಯ ಅಷ್ಟು ನೀರಸವಾಗಿತ್ತು. ತಡ ಮಾಡಿದ್ದರಿಂದ ಆಟ ಕೆಟ್ಟಿತು, ದುಡ್ಡು ಕೆಡಲಿಲ್ಲ. ಇನ್ನು ಅವಸರ ಯಾರಿಗೆ? ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಸೋಲೇ ಇಲ್ಲದ ದಾಖಲೆಗೆ ಮಾರುಕಟ್ಟೆ ಕಟ್ಟುವ ಬೆಲೆ ವಿಪರೀತ. ಹಾಗಾಗಿ ಒಳ್ಳೆಯ ಮ್ಯಾನೇಜರ್ ಎಂದರೆ ಸೋಲನ್ನು ಮುಂದೂಡುವವನು ಎಂದಾಗಿದೆ.

ಅರಮನೆಯ ಕಾಲದಲ್ಲಿ ನಮ್ಮಲ್ಲಿ ಈ ತಲೆನೋವಿರಲಿಲ್ಲ. ವಿಜಯದಶಮಿಯ ದಿನ ಅರಮನೆಯಂಗಳದಲ್ಲಿ ಈಗಲೂ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಬರುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಇಂದು ಅದೊಂದು ಆಚರಣೆ. ಆದರೆ ದೊರೆ ಆಳುತ್ತಿದ್ದಾಗ ಪೈಲ್ವಾನನಿಗೆ ಅನ್ನ ಹಾಕುವವನೂ, ಜೋಡಿ ಒಪ್ಪುವವನೂ, ಬಹುಮಾನ ಕೊಡುವವನೂ ಒಬ್ಬನೇ. ಕೊಲ್ಹಾಪುರದ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದಾಗಲೂ ಸಂಗತಿ ಇದೇ. ಮಹಾರಾಜರು ನೋಡಬೇಕೆಂದರು, ಕುಸ್ತಿ ಆಯಿತು.

ಇಂದು ಆ ಮಹಾರಾಜರು ಬೇರೆ ರೂಪದಲ್ಲಿ ಬಂದಿದ್ದಾರೆ. ಸೌದಿ ಅರೇಬಿಯದ ಹಣ ಬಂದ ಮೇಲೆ ವರ್ಷಗಟ್ಟಲೆ ಕೂಡಿ ಬರದಿದ್ದ ಜೋಡಿಗಳು ಕೂಡಿ ಬಂದವು; 2024ರ ಮೇ 18ರಂದು ರಿಯಾದ್‌ನಲ್ಲಿ ಉಸಿಕ್ ಎಂಬ ಬಾಕ್ಸರ್ ಫ್ಯೂರಿ ಎಂಬವನನ್ನು ಸೋಲಿಸಿ ಹೆವಿವೇಯ್ಟ್‌ನ ನಾಲ್ಕೂ ಪಟ್ಟಗಳನ್ನು ಒಟ್ಟುಗೂಡಿಸಿದ. ಅಭಿಮಾನಿಗಳಿಗೆ ಹಬ್ಬವೇ. ಪಂಜರದ ಕಾಳಗದ ಯುಎಫ್‌ಸಿ ಕಂಪನಿಯದು ಇನ್ನೂ ಅಚ್ಚುಕಟ್ಟು: ಪ್ರಮೋಟರ್ ಅವರೇ, ಪಟ್ಟ ಅವರದೇ, ಜೋಡಿ ಕಟ್ಟುವವರೂ ಅವರ ನೌಕರರೇ. ಒಳ್ಳೆಯವರ ಎದುರು ಒಳ್ಳೆಯವರೇ ನಿಲ್ಲುತ್ತಾರೆ, ತಡವಿಲ್ಲದೆ. ಬೆಲೆ? ಹೋರಾಟಗಾರರು ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದಂತೆ ಕಂಪನಿಯ ಆದಾಯದಲ್ಲಿ ಅವರಿಗೆ ಸಿಗುತ್ತಿದ್ದುದು ಐದನೇ ಒಂದು ಭಾಗದ ಆಸುಪಾಸು. ದೊಡ್ಡ ಬಾಕ್ಸಿಂಗ್ ಪಂದ್ಯಗಳಲ್ಲಿ ಬಾಕ್ಸರುಗಳಿಗೆ ಅರ್ಧಕ್ಕಿಂತ ಹೆಚ್ಚು ಹೋಗುವುದು ಸಾಮಾನ್ಯ. ಆ ಮೊಕದ್ದಮೆ ಕಡೆಗೆ 37.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಈಗ ಅದೇ ಯಜಮಾನರು ಬಾಕ್ಸಿಂಗ್‌ಗೂ ಕಾಲಿಟ್ಟಿದ್ದಾರೆ. ಅಲಿ ಕಾಯ್ದೆಯ ಪಕ್ಕದಲ್ಲೇ ಇನ್ನೊಂದು ದಾರಿ ತೆರೆಯುವ ಮಸೂದೆ 2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ಪ್ರೇಕ್ಷಕನಾಗಿ ನನಗೆ ಒಳ್ಳೆಯ ಪಂದ್ಯ ಬೇಕು, ನಿಜ. ಆದರೆ ಅದಕ್ಕೆ ಹುಡುಗನ 'ಬೇಡ'ವನ್ನು ಕೊಂಡುಕೊಳ್ಳಬೇಕೇ ಹೊರತು ಕಿತ್ತುಕೊಳ್ಳಬಾರದು. ದೊರೆಯ ಕಾಲದ ಜೋಡಿಗಳು ಚೆನ್ನಾಗಿದ್ದವೆಂದು ಹೇಳುವವರು ಅಂದಿನ ಪೈಲ್ವಾನರು ಮುದಿತನದಲ್ಲಿ ಹೇಗಿದ್ದರೆಂಬುದನ್ನೂ ಸ್ವಲ್ಪ ವಿಚಾರಿಸಲಿ.

ಹಣವಿಲ್ಲದ ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಚೀಟಿ ಎತ್ತುತ್ತಾರೆ, ಎದುರಾಳಿ ಯಾರೆಂಬುದು ಯಾರ ಕೈಯಲ್ಲೂ ಇರುವುದಿಲ್ಲ ಎನ್ನುತ್ತೇವೆ. ಚೀಟಿಯ ಡಬ್ಬಿಗೆ ಯಾರ ಹೆಸರು ಬೀಳಬೇಕೆಂಬುದು ಮಾತ್ರ ಇರುತ್ತದೆ. 2019ರಲ್ಲಿ ಒಲಿಂಪಿಕ್ಸ್ ಅರ್ಹತಾ ಟೂರ್ನಿಗೆ 51 ಕಿಲೊ ವಿಭಾಗದಲ್ಲಿ ಆಯ್ಕೆ ಪಂದ್ಯವಿಲ್ಲದೆಯೇ ಮೇರಿ ಕೋಮ್ ಅವರನ್ನು ಕಳಿಸುವ ಇರಾದೆಯನ್ನು ಬಾಕ್ಸಿಂಗ್ ಫೆಡರೇಷನ್ ತೋರಿಸಿತು. ಆಗಿನ್ನೂ ಎಳೆಯಳಾಗಿದ್ದ ನಿಖತ್ ಜರೀನ್ ಕ್ರೀಡಾ ಸಚಿವರಿಗೇ ಪತ್ರ ಬರೆದು, ಒಂದು ಪಂದ್ಯ ಆಡಿಸಿ ಎಂದು ಕೇಳಿದಳು. ಗದ್ದಲವಾಯಿತು, ಡಿಸೆಂಬರ್ 28ರಂದು ಪಂದ್ಯ ನಡೆಯಿತು, ನಿಖತ್ 9-1ರಿಂದ ಸೋತಳು. ಸೋತಳಲ್ಲ, ಮತ್ತೇಕೆ ಇಷ್ಟು ರಂಪ ಎಂದವರಿದ್ದಾರೆ. ಆ ಪಂದ್ಯದಿಂದ ಮೇರಿ ಕೋಮ್ ಅವರ ಆಯ್ಕೆಗೇ ಮರ್ಯಾದೆ ಬಂತು ಎಂಬುದು ಅವರಿಗೆ ಹೊಳೆಯಲಿಲ್ಲ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ನಮ್ಮವರ ಮುಖವಾಗಿದ್ದ ವಿಜೇಂದರ್ ಸಿಂಗ್ 2015ರಲ್ಲಿ ಇಂಗ್ಲೆಂಡಿನ ಕ್ವೀನ್ಸ್‌ಬೆರಿ ಪ್ರಮೋಷನ್ಸ್ ಸೇರಿದರು. ಸತತ ಹನ್ನೆರಡು ಗೆಲುವು, 2016ರ ಜುಲೈನಲ್ಲಿ ದೆಹಲಿಯಲ್ಲಿ ಏಷ್ಯಾ ಪೆಸಿಫಿಕ್ ಪಟ್ಟ. 2021ರ ಮಾರ್ಚಿನಲ್ಲಿ ಗೋವಾದ ಕ್ಯಾಸಿನೊ ಹಡಗಿನ ಮೇಲೆ ಮೊದಲ ಸೋಲು. ಎದುರಾಳಿಗಳು ದುರ್ಬಲರೆಂಬ ಕೊಂಕು ಆಗಾಗ ಕೇಳಿಬರುತ್ತಿತ್ತು. ಹೊಸಬನಿಗೆ ಮೆಟ್ಟಿಲು ಮೆಟ್ಟಿಲಾಗಿ ಎದುರಾಳಿ ಕೊಡುವುದು ಆ ವೃತ್ತಿಯ ರೂಢಿ, ತಪ್ಪೇನಲ್ಲ. ಆದರೆ ಪ್ರಮೋಟರನ ಲಾಭವೆಷ್ಟು ಎಂದು ಬಾಕ್ಸರನಿಗೆ ತಿಳಿಸಬೇಕೆನ್ನುವ ಅಲಿ ಕಾಯ್ದೆಯಂಥ ಕಾಯ್ದೆ ನಮ್ಮ ದೇಶದಲ್ಲಿಲ್ಲ. ವಿಜೇಂದರ್‌ಗೆ ಹೆಸರಿತ್ತು, ನಡೆಯಿತು. ಹೆಸರಿಲ್ಲದ ಹುಡುಗನಿಗೆ ಏನಿದೆ?

ಈಗ ನಮ್ಮ ಮಟ್ಟಿಗೆ. ದಸರಾ ಕಂಠೀರವ, ದಸರಾ ಕೇಸರಿಯಂಥ ಬಿರುದಿನ ಪಾಯಿಂಟ್ ಕುಸ್ತಿಗಳಲ್ಲಿ ತೂಕವಿದೆ, ಸುತ್ತುಗಳಿವೆ, ಯಾರೂ ಯಾರನ್ನೂ ಆರಿಸುವುದಿಲ್ಲ. ನಾಡಕುಸ್ತಿಯಲ್ಲಿ ಕಣ್ಣಂದಾಜೇ ತಕ್ಕಡಿ. ದೊಡ್ಡಕೆರೆ ಮೈದಾನದ ಪದ್ಧತಿಯನ್ನು ನಾನು ಮೆಚ್ಚುವುದು ಅದು ತಪ್ಪು ಮಾಡುವುದಿಲ್ಲವೆಂದಲ್ಲ. ಒಂದೇ ಗರಡಿಯ ಪ್ರಭಾವ ಜಾಸ್ತಿ, ಬೇರೆ ಜಿಲ್ಲೆಯವರಿಗೆ ತೂಕದ ಜೋಡಿ ಬೀಳುತ್ತದೆ ಎಂಬ ಗೊಣಗು ಇಂಥ ಕಡೆಯೆಲ್ಲ ಇದ್ದದ್ದೇ. ಆದರೆ ಆ ಗೊಣಗು ಅಲ್ಲೇ, ಎಲ್ಲರ ಎದುರು, ಕೈ ಕೊಡುವ ಮುಂಚೆಯೇ ಕೇಳಿಸುತ್ತದೆ. ಬಾಕ್ಸಿಂಗ್‌ನಲ್ಲಿ ಅದು ಕೇಳಿಸಲು ಸೆನೆಟ್ ಸಮಿತಿಯೇ ಕೂರಬೇಕಾಯಿತು.

ಹಳ್ಳಿ ಕಡೆ ಈ ತೆರೆದ ಚೌಕಾಸಿ ಕಡಿಮೆಯಾಗುತ್ತಿದೆ. ಮಂಡ್ಯದಿಂದ ಹೊಳಲು ಕಡೆಗೆ, ಮದ್ದೂರು, ಮಳವಳ್ಳಿ ಕಡೆಗೆ ಹೋಗುವ ದಾರಿಗಳಲ್ಲಿ ಜಾತ್ರೆಯ ಕಾಲಕ್ಕೆ ಕುಸ್ತಿಯ ಭಿತ್ತಿಪತ್ರ ಕಾಣಿಸಿಕೊಳ್ಳುವುದುಂಟು. ಜೋಡಿಗಳು ಅದರಲ್ಲಿ ಮೊದಲೇ ಅಚ್ಚಾಗಿರುತ್ತವೆ: ಇಂಥ ಉಸ್ತಾದರ ಶಿಷ್ಯ ಇಂಥ ಪೈಲ್ವಾನ್, ಎದುರಿಗೆ ಇಂಥವರು, ಮಧ್ಯೆ ಬೆಳ್ಳಿ ಗದೆ. ಮೇಲೆ ಪ್ರಾಯೋಜಕರ ಫೋಟೊ, ಚುನಾವಣೆ ಹತ್ತಿರವಾದಷ್ಟೂ ದೊಡ್ಡದು. ಹೆಸರುವಾಸಿ ಜೋಡಿಯನ್ನು ನಿರ್ಧರಿಸುವುದು ದುಡ್ಡು ಕೊಟ್ಟವರ ಆಸೆ. ದೂರದಿಂದ ಕರೆಸಿದ ಪೈಲ್ವಾನನಿಗೆ ಬಸ್ ಚಾರ್ಜು, ಊಟ, ಸಂಭಾವನೆ ಮೊದಲೇ ಗೊತ್ತಾಗಿರುವುದರಿಂದ ಅವನನ್ನು ಮೊದಲ ನಿಮಿಷದಲ್ಲೇ ಚಿತ್ ಮಾಡುವ ಸ್ಥಳೀಯ ಹುಡುಗ ಯಾರಿಗೂ ಬೇಡ. ಹತ್ತು ಹದಿನೈದು ನಿಮಿಷ ಒಬ್ಬರ ಕತ್ತು ಒಬ್ಬರು ಹಿಡಿದು ತಿರುಗಿ, ಕೊನೆಗೆ ಸಮ ಎಂದು ಬಿಡಿಸಿದ ಎಷ್ಟೋ ಕುಸ್ತಿಗಳನ್ನು ನೋಡಿ ಜನ 'ಇದು ಒಪ್ಪಂದದ್ದು' ಎಂದು ನಗುತ್ತ ಎದ್ದು ಹೋಗುವುದುಂಟು. ಒಪ್ಪಂದವಾಗಿತ್ತೋ ಇಲ್ಲವೋ, ಅನುಮಾನ ಬಂದ ಮೇಲೆ ನಿಜವಾದ ಸಮಬಲದ ಕುಸ್ತಿಗೂ ಬೆಲೆ ಹೋಗುತ್ತದೆ. ಪ್ರಾಮಾಣಿಕವಾಗಿ ಆಡಿದ ಇಬ್ಬರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಉಸ್ತಾದನ ಸ್ಥಾನವೂ ಸರಿಯುತ್ತಿದೆ. ಮೊದಲು ಪೈಲ್ವಾನ ಬೇಕೆಂದರೆ ಗರಡಿಗೆ ಹೋಗಿ ಉಸ್ತಾದನನ್ನು ಕೇಳಬೇಕಿತ್ತು. ಈಗ ಹುಡುಗನ ಮೊಬೈಲಿಗೆ ನೇರ ಕರೆ ಬರುತ್ತದೆ, ಮುಂಗಡವೂ ಮೊಬೈಲಿಗೇ ಬರುತ್ತದೆ. ಜೋಡಿ ಯಾರೆಂದು ಉಸ್ತಾದನಿಗೆ ತಿಳಿಯುವುದು ಭಿತ್ತಿಪತ್ರ ನೋಡಿದ ಮೇಲೆ. ಹುಡುಗರಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಗುರುವಿನ ಸಿಟ್ಟುಸೆಡವುಗಳಿಂದ ಬಿಡುಗಡೆಯೂ ಸಿಗುತ್ತದೆ. ಅದನ್ನು ಬೇಡ ಎನ್ನಲು ನಾನು ಯಾರು? ಎಲ್ಲ ಉಸ್ತಾದರೂ ದೇವತೆಗಳೇನಲ್ಲ. ಶಿಷ್ಯನ ಏಳಿಗೆಗಿಂತ ಗರಡಿಯ ಜಿದ್ದೇ ದೊಡ್ಡದೆಂದು ತಿಳಿದು ಒಳ್ಳೆಯ ಜೋಡಿಗಳನ್ನು ಕೆಡಿಸಿದವರೂ ಇದ್ದಾರೆ. ಆದರೆ ಹತ್ತೊಂಬತ್ತು ವರ್ಷದ ಹುಡುಗ ತನಗಿಂತ ಹದಿನೈದು ಕಿಲೊ ಹೆಚ್ಚಿರುವವನನ್ನು ನೋಡಿ, ಮುಂಗಡ ಜೇಬಲ್ಲಿಟ್ಟುಕೊಂಡು, ಆಗುವುದಿಲ್ಲ ಎಂದು ತಾನೇ ಹೇಳಿಯಾನೆಂದು ನಂಬುವುದು ಕಷ್ಟ.

ಹಾಗಾಗಿ ಕುಸ್ತಿ ಏರ್ಪಡಿಸುವ ಸಮಿತಿಗಳಿಗೆ ಕೇಳಬೇಕಾದ್ದು ದೊಡ್ಡದೇನಲ್ಲ. ಭಿತ್ತಿಪತ್ರದಲ್ಲಿ ಹೆಸರಿನ ಮುಂದೆ ತೂಕ ಹಾಕಿ. ಮುಂಗಡ ಕೊಡುವ ಮುನ್ನ ಹುಡುಗನ ಉಸ್ತಾದನಿಗೂ ಒಂದು ಮಾತು ಹೇಳಿ. ಪಂದ್ಯದ ಬೆಳಿಗ್ಗೆ ಜೋಡಿಗಳನ್ನು ಒಮ್ಮೆ ಎಲ್ಲರೆದುರು ನಿಲ್ಲಿಸಿ; ಸರಿಯಿಲ್ಲ ಎನಿಸಿದರೆ ಬಿಡಿಸಿ, ಬಿಡಿಸಿಕೊಂಡ ಹುಡುಗನ ಬಸ್ ಚಾರ್ಜನ್ನು ಹಿಡಿಯಬೇಡಿ. ಹೀಗೆ ಹೇಳಿದರೆ ತೂಕ ಹಾಕಿ ಕಟ್ಟಕ್ಕೆ ಇದೇನ್ ಸಂತೆನಾ ಎಂದು ಹಳೆಯ ಉಸ್ತಾದರಲ್ಲೇ ಕೆಲವರು ಗದರುತ್ತಾರೆ. ಅವರ ಕಣ್ಣಂದಾಜು ತಕ್ಕಡಿಗಿಂತ ನಿಖರವಾಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಈಗ ಜೋಡಿ ಕಟ್ಟುತ್ತಿರುವವರಲ್ಲಿ ಮಟ್ಟಿಗೆ ಇಳಿದೇ ಇಲ್ಲದವರು ಹೆಚ್ಚಾಗುತ್ತಿದ್ದಾರೆ. ಅವರ ಕಣ್ಣಿಗಿಂತ ತೂಕದ ಯಂತ್ರವೇ ವಾಸಿ, ಬೆಳ್ಳಿ ಗದೆಗಿಂತ ಅಗ್ಗವೂ ಹೌದು.